ಗೋಡೆ ಮೇಷ್ಟ್ರ ನಾಲ್ಕು ಕ್ಯಾಮೆರಾಗಳು

ಬೆಳಗಿನ ಐದೂ ಮುಕ್ಕಾಲು. ನಾಲ್ಕು ಮಹಡಿಯ ಹಳೆಯ ಕಟ್ಟಡದ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಅರವತ್ತೊಂದು ವರ್ಷದ ಒಬ್ಬರು ಮಂಡಿಯೂರಿ ಕೂತು ಕ್ಯಾಮೆರಾ ಸ್ಟ್ಯಾಂಡನ್ನು ಹೊಂದಿಸುತ್ತಿದ್ದಾರೆ. ನೆಲದ ಮೇಲೆ ಬಿಳಿ ಪೇಂಟಿನ ಮೂರು ಚುಕ್ಕೆಗಳಿವೆ. ಸ್ಟ್ಯಾಂಡಿನ ಮೂರು ಕಾಲೂ ಆ ಚುಕ್ಕೆಗಳ ಮೇಲೆಯೇ ಕೂರಬೇಕು. ಎಡಗಾಲು ಒಂದು ಬೆರಳಷ್ಟು ಸರಿದಿತ್ತು ಎಂದು ಅವರು ಮೂರು ಸಲ ಎದ್ದು, ಮೂರು ಸಲ ಕೂತರು. ಎದ್ದಾಗಲೆಲ್ಲ ಮಂಡಿ ಲಟಕ್ಕೆನ್ನುತ್ತದೆ. "ಅದು ಕ್ಯಾಮೆರಾ ಸದ್ದಲ್ಲ, ನನ್ನದು" ಎನ್ನುತ್ತಾರೆ.

ಎದುರಿಗೆ, ರಸ್ತೆಯಾಚೆ, ಬಾಗಿಲು ಹಾಕಿ ಎಷ್ಟೋ ವರ್ಷವಾದ ಗೋದಾಮೊಂದರ ಹಿಂಗೋಡೆ. ಗಾರೆ ಉದುರಿ ಇಟ್ಟಿಗೆ ಕಾಣುತ್ತಿದೆ. ಒಂದು ಕಾಲದಲ್ಲಿ ಬೂಟ್ ಪಾಲಿಶಿನ ಜಾಹೀರಾತು ಬರೆದಿದ್ದರಂತೆ, ಈಗ ಅರ್ಧಂಬರ್ಧ ಅಕ್ಷರ ಉಳಿದಿದೆ. ಬಲಗಡೆ ತುಕ್ಕು ಹಿಡಿದ ಕೊಳವೆ, ಎಡಗಡೆ ಮೇಲಿನ ಮೂಲೆಯಲ್ಲಿ ಬಿರುಕಿನಿಂದ ತಲೆ ಹಾಕಿದ ಹೆಸರಿಲ್ಲದ ಒಂದು ಗಿಡ. ಕಳೆದ ಹದಿನೇಳು ವರ್ಷಗಳಿಂದ ಈತ ವಾರಕ್ಕೆ ಮೂರು ದಿನ ಬೆಳಗ್ಗೆ ಈ ಗೋಡೆಯ ಫೋಟೋ ತೆಗೆಯುತ್ತಿದ್ದಾರೆ. ಅದೇ ಗೋಡೆ, ಅದೇ ಜಾಗ, ಅದೇ ಹೊತ್ತು. ಬದಲಾಗುವುದು ಕ್ಯಾಮೆರಾ ಒಂದೇ.

"ಸೂರ್ಯ ಬರೋಕೆ ಮುಂಚೆ ಹನ್ನೊಂದು ನಿಮಿಷ ಸಿಗತ್ತೆ. ಬೆಳಕು ಇರತ್ತೆ, ನೆರಳು ಇರಲ್ಲ. ಬಿಸಿಲು ಬಿತ್ತು ಅಂದ್ರೆ ಮುಗೀತು, ಎಲ್ಲಾ ಕ್ಯಾಮೆರಾನೂ ಜಾಣನ ಥರಾನೇ ಕಾಣ್ಸತ್ತೆ. ದಡ್ಡ ಯಾರು ಅಂತ ಗೊತ್ತಾಗೋದು ಮಂಕು ಬೆಳಕಲ್ಲೇ" ಎನ್ನುತ್ತ ಚೀಲದಿಂದ ಒಂದೊಂದಾಗಿ ನಾಲ್ಕು ಕ್ಯಾಮೆರಾ ತೆಗೆಯುತ್ತಾರೆ. ನಾಲ್ಕೂ ಕಪ್ಪು. ನಾಲ್ಕೂ ಅಂಗಿಯ ಜೇಬಿಗೆ ಹೋಗುವಷ್ಟು ಚಿಕ್ಕವು. ಕಣ್ಣಿಗೆ ಒಂದೇ ಅಚ್ಚಿನ ನಾಲ್ಕು ಸೋಪಿನ ಡಬ್ಬಿ.

ಆದರೆ ಇವು ನಾಲ್ಕು ತಲೆಮಾರು. ಯಾವುದೋ ದೂರದ ಕಂಪನಿ ನಾಲ್ಕೈದು ವರ್ಷಕ್ಕೊಂದರಂತೆ ಹೊರತಂದ ಒಂದೇ ಜಾತಿಯ ಕ್ಯಾಮೆರಾಗಳು. ಇವುಗಳಲ್ಲಿ ಜೂಮ್ ಇಲ್ಲ, ಲೆನ್ಸ್ ಬಿಚ್ಚಿ ಬದಲಿಸುವಂತಿಲ್ಲ. ಒಂದೇ ಲೆನ್ಸು, ಅದರ ಹಿಂದೆ ಬೆಳಕು ಹಿಡಿಯುವ ದೊಡ್ಡ ಸೆನ್ಸರ್. ಅಂಗಡಿಯಲ್ಲಿ ಸಾಲಾಗಿ ಇಟ್ಟು ಮಾರುವ ಮಾಲಲ್ಲ. ಬೇಕೆಂದವರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ, ಕೊಂಡವರು ಹಟಕ್ಕೆ ಬಿದ್ದವರಂತೆ ಅದನ್ನೇ ಹಿಡಿದು ಓಡಾಡುತ್ತಾರೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಏನು ವ್ಯತ್ಯಾಸ, ಮೂರನೆಯದಕ್ಕೆ ಹೋಗಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳುವ ಕೆಲವೇ ಸಾವಿರ ಜನ ಜಗತ್ತಿನ ತುಂಬ ಚದುರಿದ್ದಾರೆ. ಅವರೆಲ್ಲ ಕೊನೆಗೆ ಬಂದು ತಲುಪುವುದು ಈ ತಾರಸಿಗೆ. ಅಂದರೆ, ಇಲ್ಲಿ ತೆಗೆದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಒಂದು ಸರಳ ವೆಬ್‌ಸೈಟಿಗೆ.

ಒಂದೊಂದು ಕ್ಯಾಮೆರಾಕ್ಕೂ ಹನ್ನೆರಡು ಫ್ರೇಮು. ಲೆನ್ಸಿನ ಕಣ್ಣು ಪೂರ್ತಿ ತೆರೆದು ಎರಡು, ಸ್ವಲ್ಪ ಕಿರಿದಾಗಿಸಿ ಎರಡು, ಹೀಗೆ ಆರು ಹಂತ. ಹನ್ನೊಂದು ನಿಮಿಷದಲ್ಲಿ ನಲವತ್ತೆಂಟು. ಬೆರಳು ತಾಗಿ ಅಲುಗಬಾರದೆಂದು ಗುಂಡಿ ಒತ್ತಿ ಎರಡು ಸೆಕೆಂಡು ಕಾಯುವ ವ್ಯವಸ್ಥೆ. ಆ ಎರಡು ಸೆಕೆಂಡು ಅವರು ಉಸಿರು ಬಿಡುವುದಿಲ್ಲ. ಅವರ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ನಿಂತ ನಾನೂ ಬಿಡಲಿಲ್ಲ.

ಇವರಿಗೊಂದು ಹೆಸರಿದೆ. ಆದರೆ ಬೀದಿಯಲ್ಲಿ ಇವರು ಗೋಡೆ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಪೇಪರ್ ಹಾಕುವವನು ಯಾವತ್ತೋ ಕರೆದ, ಉಳಿದುಕೊಂಡಿತು. ಮೇಷ್ಟ್ರು ಏನು ಮಾಡುತ್ತಾರೆ ಎಂದು ಕೇಳಿದರೆ ಕಟ್ಟಡದಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಸರ್ವೆಯವರಂತೆ. ಗೋದಾಮಿನ ಜಾಗದ ಮೇಲೆ ಕೇಸು ಹಾಕಿದ್ದಾರಂತೆ. ಪಾಪ, ಹೆಂಡತಿ ಹೋದ ಮೇಲೆ ಹೀಗಂತೆ. ಕೊನೆಯದು ಶುದ್ಧ ಸುಳ್ಳು. ಹೆಂಡತಿ ಇದ್ದಾಗಲೂ ಅವರು ಹೀಗೆಯೇ ಇದ್ದರು.

ಎರಡು ವರ್ಷದ ಹಿಂದೆ ಗೋದಾಮಿಗೆ ಹೊಸ ಕಾವಲುಗಾರ ಬಂದ. ಮೂರು ದಿನ ನೋಡಿದ, ನಾಲ್ಕನೆಯ ದಿನ ಪೊಲೀಸರನ್ನು ಕರೆದ. ಪೇದೆ ಮೆಟ್ಟಿಲು ಹತ್ತಿ ಬಂದು, ಕ್ಯಾಮೆರಾ ಕಸಿದುಕೊಂಡು, ಹಿಂದಿನ ಪರದೆಯಲ್ಲಿ ಒಂದೊಂದೇ ಚಿತ್ರ ಸರಿಸುತ್ತ ಹೋದರಂತೆ. ಗೋಡೆ. ಗೋಡೆ. ಗೋಡೆ. ನೂರಿಪ್ಪತ್ತು ಗೋಡೆ ನೋಡಿ ಅವರಿಗೇ ಸುಸ್ತಾಯಿತು.

"ಅವರು ಕೆಟ್ಟವರೇನಲ್ಲ. ಕ್ಯಾಮೆರಾ ವಾಪಸ್ ಕೊಡ್ತಾ ಒಂದು ಮಾತು ಕೇಳಿದ್ರು. 'ಇಷ್ಟೆಲ್ಲಾ ಕ್ಯಾಮೆರಾ ಇಟ್ಕೊಂಡಿದೀರಿ, ಒಂದರಲ್ಲೂ ಮನುಷ್ಯರ ಫೋಟೋನೇ ಇಲ್ವಲ್ರೀ' ಅಂತ. ಇಲ್ಲ ಸರ್ ಅಂದೆ."

ಬಿಸಿಲು ಗೋಡೆಯ ತುದಿ ಮುಟ್ಟುವ ಹೊತ್ತಿಗೆ ಕ್ಯಾಮೆರಾಗಳು ಚೀಲ ಸೇರಿರುತ್ತವೆ. ಮೂರನೆಯ ಮಹಡಿಯಲ್ಲಿ ಅವರ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಉತ್ತರಕ್ಕೆ ತೆರೆದ ಒಂದು ದೊಡ್ಡ ಕಿಟಕಿ. ಕಿಟಕಿಯ ಪಕ್ಕ ಬೂದು ಬಣ್ಣ ಬಳಿದ ಗೋಡೆ, ಅದರ ಮುಂದೆ ಕೈಯಿಲ್ಲದ ಒಂದು ಮರದ ಕುರ್ಚಿ. ಕುಡಿಯಲು ಏನಾದರೂ ಕೊಡುತ್ತೇನೆಂದು ಒಳಗೆ ಹೋದವರು ಎರಡು ಲೋಟ ಹುಡುಕಲು ಬಹಳ ಹೊತ್ತು ತೆಗೆದುಕೊಂಡರು. ಒಂದು ಲೋಟ ಸಿಂಕಿನ ಪಕ್ಕದಲ್ಲೇ ಇತ್ತು. ಎರಡನೆಯದು ಕಪಾಟಿನ ಮೇಲಿನ ಅರೆಯಲ್ಲಿ, ಪೇಪರಿನಲ್ಲಿ ಸುತ್ತಿಟ್ಟಿತ್ತು.

ಹತ್ತೊಂಬತ್ತನೆಯ ವಯಸ್ಸಿಗೆ ಅವರು ಒಂದು ಕಲರ್ ಲ್ಯಾಬಿಗೆ ಕೆಲಸಕ್ಕೆ ಸೇರಿದರು. ಊರಿನ ಸ್ಟುಡಿಯೋಗಳ ರೀಲುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಇವರ ಕೆಲಸ, ಪ್ರತಿ ನೆಗೆಟಿವ್ ನೋಡಿ ಪ್ರಿಂಟಿನಲ್ಲಿ ಹಳದಿ ಎಷ್ಟು ಹೆಚ್ಚಬೇಕು, ಕೆಂಪು ಎಷ್ಟು ಇಳಿಯಬೇಕು ಎಂದು ಒಂದು ನೋಟಕ್ಕೆ ಹೇಳುವುದು. ದಿನಕ್ಕೆ ಎರಡು ಸಾವಿರ ಪ್ರಿಂಟು. ಇಪ್ಪತ್ತನಾಲ್ಕು ವರ್ಷ. "ಯಾರ್ಯಾರದೋ ಮದುವೆ, ಯಾರ್ಯಾರದೋ ಮಗು. ಹೆಸರು ಗೊತ್ತಿಲ್ಲ, ಮುಖದ ಬಣ್ಣ ಗೊತ್ತು. ದಾರೀಲಿ ಹೋಗ್ತಾ ಒಬ್ಬರನ್ನ ನೋಡಿದ್ರೆ, ಇವರಿಗೆ ಕೆಂಪು ಎರಡು ಪಾಯಿಂಟ್ ಇಳಿಸಿದ್ದೆ ಅಂತ ನೆನಪಾಗ್ತಿತ್ತು. ನಮಸ್ಕಾರ ಅನ್ನೋಣ ಅನ್ಸೋದು. ಅವರಿಗೆ ನಾನ್ಯಾರು?"

ರೀಲು ನಿಂತಿತು, ಲ್ಯಾಬು ಮುಚ್ಚಿತು. ಮಾಲೀಕರು ಕೊನೆಯ ದಿನ ಎಲ್ಲರಿಗೂ ಏನಾದರೊಂದು ಕೊಟ್ಟರು. ಇವರಿಗೆ ಸಿಕ್ಕಿದ್ದು ಆಗಷ್ಟೇ ಬಂದಿದ್ದ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ. ಅದೇ ಮೊದಲನೆಯ ತಲೆಮಾರು. ಅದರ ಬಗ್ಗೆ ಪತ್ರಿಕೆಗಳಲ್ಲಿ ಬರೆದಿದ್ದನ್ನೆಲ್ಲ ಓದಿದರು. ಒಬ್ಬರು ಬಣ್ಣ ಗಾಢ ಎಂದರೆ ಇನ್ನೊಬ್ಬರು ಪೇಲವ ಎನ್ನುತ್ತಿದ್ದರು. ಯಾರೂ ಒಂದೇ ವಸ್ತುವನ್ನು ಒಂದೇ ಬೆಳಕಿನಲ್ಲಿ ತೆಗೆದು ಮಾತಾಡಿರಲಿಲ್ಲ. ಇವರು ಕ್ಯಾಮೆರಾ ಹಿಡಿದು ತಾರಸಿಗೆ ಹೋದರು.

ಈಗ ಮಧ್ಯಾಹ್ನದವರೆಗೆ ಒಂದು ರಿಪೇರಿ ಅಂಗಡಿಯಲ್ಲಿ ಲೆನ್ಸಿನ ಒಳಗಿನ ಧೂಳು ತೆಗೆಯುವ ಕೆಲಸ. ಅದು ಹೊಟ್ಟೆಪಾಡು. ಮಧ್ಯಾಹ್ನದ ಮೇಲೆ ಈ ಕಂಪ್ಯೂಟರಿನ ಮುಂದೆ, ಬೆಳಗ್ಗೆ ತೆಗೆದ ನಲವತ್ತೆಂಟು ಫ್ರೇಮುಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡುವುದು. ಮಧ್ಯ ನೋಡುತ್ತಾರೆ, ನಾಲ್ಕು ಮೂಲೆ ನೋಡುತ್ತಾರೆ. ಅಪರಿಚಿತರು ತಮ್ಮ ಹಳೆಯ ಕ್ಯಾಮೆರಾವನ್ನು ಅಂಚೆಯಲ್ಲಿ ಕಳಿಸಿ, "ನನ್ನದು ಸರಿಯಿದೆಯಾ ನೋಡಿ" ಎಂದು ಕೇಳುವುದೂ ಉಂಟು. ನೋಡಿ, ಒಂದು ಪುಟ ಬರೆದು, ಬಟ್ಟೆಯಲ್ಲಿ ಸುತ್ತಿ ವಾಪಸ್ ಕಳಿಸುತ್ತಾರೆ.

ನನಗಾಗಿ ನಾಲ್ಕು ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಡುತ್ತಾರೆ. ಅವರ ಮಾತು ಕೇಳಿದರೆ ಒಂದೇ ಮನೆಯ ಅಣ್ಣತಮ್ಮಂದಿರ ಬಗ್ಗೆ ಹೇಳುತ್ತಿದ್ದಾರೆ ಅನ್ನಿಸಬೇಕು. "ಮೊದಲನೇದು ನಿಧಾನಿ. ಫೋಕಸ್ ಮಾಡೋಷ್ಟರಲ್ಲಿ ಎದುರಿಗಿರೋರು ಎದ್ದು ಹೋಗಿರ್ತಾರೆ. ಬೆಳಕು ಕಮ್ಮಿಯಾದ್ರೆ ಮರಳು ಎರಚಿದ ಹಾಗೆ ಚುಕ್ಕೆ. ಆದ್ರೆ ಆ ತುಕ್ಕಿನ ಬಣ್ಣ ನೋಡಿ, ಮುಟ್ಟಿದ್ರೆ ಕೈಗೆ ಹತ್ತತ್ತೇನೋ ಅನ್ನೋ ಹಾಗಿದೆ. ಎರಡನೇದು ಅದೇ ಲೆನ್ಸು, ಹೊಸ ಸೆನ್ಸರು. ಚುಕ್ಕೆ ಹೋಯ್ತು, ಮೂಲೆ ಮಾತ್ರ ಮೊದಲಿನ ಥರಾನೇ ಮಂಜು ಮಂಜು. ಮೂರನೇದಕ್ಕೆ ಲೆನ್ಸೇ ಬದಲಾಯಿಸಿದ್ರು. ನೋಡಿ, ಮೂಲೇಲಿರೋ ಗಿಡದ ಎಲೆ ಎಣಿಸ್ಬಹುದು."

ನಾನು ಎಣಿಸುತ್ತೇನೆ. ಒಂಬತ್ತು. ಮೊದಲನೆಯ ಕ್ಯಾಮೆರಾದಲ್ಲಿ ಅದೊಂದು ಹಸಿರು ಕಲೆ.

"ನಾಲ್ಕನೇದು?" ಎಂದು ಕೇಳುತ್ತೇನೆ. ಅವರು ಆ ಚಿತ್ರವನ್ನು ಇನ್ನಷ್ಟು ಹಿಗ್ಗಿಸುತ್ತಾರೆ. "ನಾಲ್ಕನೇದು ಗೋಡೆ ವಿಷಯದಲ್ಲಿ ಎಲ್ಲರಿಗಿಂತ ಮೇಲು. ನಾನು ಮೋಸ ಹೋಗಿದ್ದೇ ಅಲ್ಲಿ."

ಆ ಕಥೆಗೆ ಮೊದಲು ಕುರ್ಚಿಯ ಕಥೆ ಹೇಳಬೇಕು. ಕ್ಯಾಮೆರಾ ಪರೀಕ್ಷೆಗೆ ಗೋಡೆ ಅರ್ಧ, ಮನುಷ್ಯರ ಮುಖ ಇನ್ನರ್ಧ. ಚರ್ಮದ ಬಣ್ಣ ಹಿಡಿಯುವುದೇ ಕ್ಯಾಮೆರಾಕ್ಕೆ ಕಷ್ಟದ ಕೆಲಸ. ಮೊದಲ ಮೂರು ತಲೆಮಾರಿಗೂ ಆ ಕುರ್ಚಿಯಲ್ಲಿ ಕೂತವರು ಅವರ ಹೆಂಡತಿ. ಒಂದು ಹೋಟೆಲಿನ ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಮಾಡಿ ಬಂದವರು, ರಜೆಯ ದಿನ ಕೈಯಲ್ಲಿ ಬಣ್ಣ ತಾಳೆ ನೋಡುವ ಚೌಕಗಳ ಕಾರ್ಡು ಹಿಡಿದು, ಅಲುಗದೆ, ನಗದೆ, ನೇರ ನೋಡುತ್ತ ಕೂರುತ್ತಿದ್ದರು. ಗಂಡ ಒಂದಾದ ಮೇಲೊಂದು ಕ್ಯಾಮೆರಾ ಬದಲಿಸುತ್ತಿದ್ದರು.

"ಅವಳಿಗೆ ತಾಳ್ಮೆ ಕಮ್ಮಿ. 'ನನ್ನ ಮುಖದ ಸುಕ್ಕು ಎಣಿಸೋಕೆ ಮೂರು ಕ್ಯಾಮೆರಾ ಬೇಕೇನ್ರೀ? ಕೇಳಿದ್ರೆ ನಾನೇ ಲೆಕ್ಕ ಹೇಳ್ತಿದ್ದೆ' ಅನ್ನೋಳು. ಮಾತಾಡಿದ್ರೆ ಫ್ರೇಮ್ ಕೆಟ್ಟು ಹೋಗ್ತಿತ್ತು. ಮತ್ತೆ ತೆಗೀಬೇಕು. ನಾನು ಸಿಡುಕ್ತಿದ್ದೆ."

ಮಕ್ಕಳಿರಲಿಲ್ಲ. ಮನೆಯಲ್ಲಿ ಇಬ್ಬರೇ. ಹದಿನಾಲ್ಕು ವರ್ಷದಲ್ಲಿ ಹೆಂಡತಿಯ ಸಾವಿರದ ನೂರು ಚಿತ್ರ. ಮೂರು ವರ್ಷದ ಹಿಂದೆ ಆಕೆ ಕೆಲಸದ ಜಾಗದಲ್ಲೇ ಕುಸಿದು ಬಿದ್ದರು, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಇರಲಿಲ್ಲ. ಹಾರ ಹಾಕಲು ಒಂದು ಫೋಟೋ ಬೇಕಿತ್ತು. ಹೆಂಡತಿಯ ತಂಗಿ ಬಂದವರು, "ಭಾವ, ಅಕ್ಕ ನಗ್ತಿರೋ ಫೋಟೋ ಒಂದು ಕೊಡಿ" ಎಂದರು. ಇವರು ಕಂಪ್ಯೂಟರ್ ತೆರೆದು ಕೂತರು. ಸಾವಿರದ ನೂರರಲ್ಲೂ ಆಕೆ ಒಂದೇ ರೀತಿ ನೇರ ನೋಡುತ್ತಿದ್ದರು, ಕೈಯಲ್ಲಿ ಬಣ್ಣದ ಕಾರ್ಡು.

"ನಕ್ಕಿದ್ದು ಇತ್ತಲ್ಲ, ಎಷ್ಟೋ ಇತ್ತು. ನಕ್ಕರೆ ಮುಖ ಅಲುಗತ್ತೆ. ಅಲುಗಿದ್ದು ಕೆಟ್ಟ ಫ್ರೇಮು. ಕೆಟ್ಟದ್ದನ್ನ ಅವತ್ತವತ್ತೇ ಅಳಿಸಿಬಿಡ್ತಿದ್ದೆ." ಇದನ್ನು ಹೇಳುವಾಗ ಅವರು ನನ್ನನ್ನು ನೋಡುವುದಿಲ್ಲ, ಲೋಟದ ತಳ ನೋಡುತ್ತಾರೆ. "ಅವಳ ತಂಗಿ ಕೇಳಿದಳು. 'ಒಂದೂ ಇಲ್ವಾ ಭಾವ?' ಒಂದೂ ಇಲ್ಲ ಅಂದೆ."

ಕೊನೆಗೆ ಕಾರ್ಡು ಕಾಣದಂತೆ ಕತ್ತರಿಸಿದ ಒಂದು ಚಿತ್ರಕ್ಕೆ ಹಾರ ಹಾಕಿದರು. ನಾದಿನಿ ಅವತ್ತು ಹೋದವರು ಮತ್ತೆ ಫೋನು ಮಾಡಲಿಲ್ಲ. ಇವರೂ ಮಾಡಲಿಲ್ಲ.

ಅದಾಗಿ ಐದು ತಿಂಗಳಿಗೆ ನಾಲ್ಕನೆಯ ತಲೆಮಾರು ಬಂತು. ಮೇಷ್ಟ್ರು ತಾರಸಿಗೆ ಒಯ್ದರು. ಎರಡು ವಾರ ಗೋಡೆಯ ಮೇಲೆ ಪರೀಕ್ಷಿಸಿದರು. ಚೂಪು, ಶುದ್ಧ, ಮಂಕು ಬೆಳಕಿನಲ್ಲೂ ಒಂದು ಚುಕ್ಕೆಯಿಲ್ಲ. ಬಟ್ಟೆ, ಪೇಪರು, ಬಣ್ಣದ ಕಾರ್ಡು, ಎಲ್ಲವೂ ಸರಿ. ಮುಖದ ಪರೀಕ್ಷೆ ಮಾತ್ರ ಮಾಡಲಿಲ್ಲ. ಮಾಡುವುದು ಹೇಗೆ? ಕುರ್ಚಿ ಖಾಲಿ. "ಇಷ್ಟೆಲ್ಲ ಸರಿ ಇದ್ದ ಮೇಲೆ ಮುಖ ತಪ್ಪಾಗಲ್ಲ ಅಂದ್ಕೊಂಡೆ. ನಾಲ್ಕರಲ್ಲಿ ಇದೇ ಒಳ್ಳೇದು ಅಂತ ಬರೆದುಬಿಟ್ಟೆ." ವೆಬ್‌ಸೈಟಿನಲ್ಲಿ ಮುಖದ ವಿಭಾಗ ಇದ್ದ ಜಾಗದಲ್ಲಿ ಏನನ್ನೂ ಹಾಕಲಿಲ್ಲ. ಯಾರೂ ಕೇಳಲೂ ಇಲ್ಲ.

ಎಂಟು ತಿಂಗಳ ಮೇಲೆ ಒಂದು ಇಮೇಲ್ ಬಂತು. ಬರೆದವರು ಎಲ್ಲೋ ದೂರದ ಒಂದು ಆಸ್ಪತ್ರೆಯ ಹಿರಿಯ ನರ್ಸ್. ಗಾಯಗಳ ವಾರ್ಡಿನವರು. ಅವರ ವಾರ್ಡಿನಿಂದ ಮನೆಗೆ ಹೋದ ರೋಗಿಗಳನ್ನು ನರ್ಸ್‌ಗಳು ಮನೆಯಲ್ಲೇ ನೋಡಿ, ಗಾಯದ ಫೋಟೋ ತೆಗೆದು ತರುತ್ತಾರೆ. ವೈದ್ಯರು ಆ ಫೋಟೋ ನೋಡಿ ಔಷಧ ಹೇಳುತ್ತಾರೆ. ಇದಕ್ಕಾಗಿ ವರ್ಷಗಳಿಂದ ಮೂರನೆಯ ತಲೆಮಾರಿನ ಕ್ಯಾಮೆರಾ ಬಳಸುತ್ತಿದ್ದರು. ಮೇಷ್ಟ್ರ ಹೋಲಿಕೆ ಓದಿ ನಾಲ್ಕನೆಯದು ತರಿಸಿದರು.

ಒಬ್ಬ ಲೇತ್ ಕೆಲಸಗಾರರ ಕಾಲಿನ ಮೇಲೆ ಕಬ್ಬಿಣದ ತಗಡು ಬಿದ್ದಿತ್ತು. ಹೊಲಿಗೆ ಹಾಕಿ ಮನೆಗೆ ಕಳಿಸಿದ್ದರು. ಮೂರನೆಯ ದಿನ ಗಾಯದ ಸುತ್ತ ಕೆಂಪು ಹರಡುತ್ತಿದೆ ಎಂದು ಈ ನರ್ಸಿನ ಕಣ್ಣಿಗೆ ಕಂಡಿತು. ಅವತ್ತೇ ಕೈಗೆ ಬಂದ ಹೊಸ ಕ್ಯಾಮೆರಾದ ಫೋಟೋದಲ್ಲಿ ಕೆಂಪು, ಹಿಂದಿನ ದಿನ ಹಳೆಯದರಲ್ಲಿ ತೆಗೆದದ್ದಕ್ಕಿಂತ ಕಡಿಮೆಯಿತ್ತು. ವೈದ್ಯರು ಇಳಿಯುತ್ತಿದೆ ಎಂದರು. ನಾಲ್ಕನೆಯ ದಿನವೂ ಹಾಗೆಯೇ. "ನನಗೇ ವಯಸ್ಸಾಯ್ತೇನೋ ಅಂದುಕೊಂಡೆ" ಎಂದು ನರ್ಸ್ ಬರೆದಿದ್ದರು. ಐದನೆಯ ದಿನ ಜ್ವರ ಏರಿ ಆಂಬ್ಯುಲೆನ್ಸಿನಲ್ಲಿ ಕರೆತಂದರು. ಕಾಲು ಉಳಿಯಿತು. ಹೆಬ್ಬೆರಳು ಉಳಿಯಲಿಲ್ಲ. ಪತ್ರದ ಕೊನೆಯ ಸಾಲು: ನಿಮ್ಮ ಪರೀಕ್ಷೆಯಲ್ಲಿ ಈ ಕ್ಯಾಮೆರಾ ಚರ್ಮವನ್ನು ಹೇಗೆ ಹಿಡಿಯುತ್ತದೆ ಎಂದು ಎಲ್ಲಿ ಬರೆದಿದ್ದೀರಿ, ನನಗೆ ಸಿಗುತ್ತಿಲ್ಲ.

"ಬರೆದಿದ್ದರೆ ತಾನೇ ಸಿಗೋದು" ಎನ್ನುತ್ತಾರೆ ಮೇಷ್ಟ್ರು.

ಅವತ್ತು ಅಂಗಡಿಗೆ ಹೋಗಲಿಲ್ಲ. ತಮ್ಮ ಮುಂಗೈಯನ್ನೇ ಬ್ರಷ್ಷಿನಿಂದ ಉಜ್ಜಿ ಕೆಂಪಾಗಿಸಿ ನಾಲ್ಕು ಕ್ಯಾಮೆರಾದಲ್ಲೂ ತೆಗೆದರು. ನಾಲ್ಕನೆಯದರಲ್ಲಿ ಏನೋ ವ್ಯತ್ಯಾಸ ಕಂಡಂತಾಯಿತು. ಆದರೆ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಉಜ್ಜಿದ ಕೆಂಪೇ ಇಳಿಯುತ್ತಿತ್ತು. ಇದು ಪುರಾವೆ ಅಲ್ಲ. ಇಳಿಯದ ಕೆಂಪಿರುವ ಚರ್ಮ ಬೇಕು, ಅಲುಗದೆ ಕೂರುವ ಮನುಷ್ಯರು ಬೇಕು. ಹೆಂಡತಿಯ ಚಿತ್ರಗಳಿಂದ ಪ್ರಯೋಜನವಿಲ್ಲ. ಒಂದೇ ಮುಖವನ್ನು ನಾಲ್ಕರಲ್ಲೂ ತೆಗೆದರೆ ಮಾತ್ರ ಹೋಲಿಕೆ.

ಯಾರನ್ನು ಕೇಳುವುದು? ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದರು. ಗ್ಯಾಸಿನವನು, ಪ್ಲಂಬರ್, ಅಂಗಡಿಯ ಮಾಲೀಕ, ಮೂವರು ಗಿರಾಕಿಗಳು, ಎಲ್ಲಕ್ಕಿಂತ ಕೆಳಗೆ ನಾದಿನಿ. ಕೆಳಗಿನ ಮನೆಯ ಗೃಹಸ್ಥರ ಬಾಗಿಲು ತಟ್ಟಿದರು. ಇಷ್ಟು ವರ್ಷಗಳಲ್ಲಿ ಅದೇ ಮೊದಲ ಸಲ. ನಿಮ್ಮ ಮುಖದ ಫೋಟೋ ತೆಗೆಯಬೇಕು, ಒಂದು ಗಂಟೆ ಬಂದು ಕೂರುತ್ತೀರಾ ಎಂದರು. ಅವರು ಹೆಂಡತಿಯ ಕಡೆ ನೋಡಿದರು, ಹೆಂಡತಿ ಗಡಿಯಾರದ ಕಡೆ ನೋಡಿದರು. "ಈಗ ಸ್ವಲ್ಪ ಕೆಲಸ ಇದೆ" ಎಂದರಂತೆ.

"ತಪ್ಪು ಅವರದ್ದಲ್ಲ ಬಿಡಿ. ಇಷ್ಟು ವರ್ಷ ಮೆಟ್ಟಿಲಲ್ಲಿ ಎದುರಾದ್ರೆ ತಲೆ ಆಡ್ಸಿದ್ದಷ್ಟೇ. ದಿಢೀರನೆ ಹೋಗಿ ಮುಖ ಕೊಡಿ ಅಂದ್ರೆ ಯಾರು ಕೊಡ್ತಾರೆ? ಮೂರು ದಿನ ಹಂಗೇ ಕೂತಿದ್ದೆ. ಅಷ್ಟರಲ್ಲಿ ಎಲ್ಲೆಲ್ಲಿ ಯಾರ್ಯಾರು ಆ ಕ್ಯಾಮೆರಾ ಹಿಡ್ಕೊಂಡು ಯಾವ ಗಾಯ ತೆಗೀತಿದಾರೋ ಅಂತ ಅದೇ ಯೋಚ್ನೆ."

ನಾಲ್ಕನೆಯ ದಿನ ನಾದಿನಿಗೆ ಫೋನು ಮಾಡಿದರು. ಆಕೆಯ ಎಡಗೆನ್ನೆಯ ಮೇಲೆ ಹುಟ್ಟಿನಿಂದ ಬಂದ ಒಂದು ಕೆಂಪು ಮಚ್ಚೆಯಿದೆ, ದೊಡ್ಡ ನಾಣ್ಯದಷ್ಟು. ಅದೇ ಕಾರಣಕ್ಕೆ ಆಕೆ ಯಾವ ಫೋಟೋದಲ್ಲೂ ಎಡಗೆನ್ನೆ ಕಾಣುವಂತೆ ನಿಂತವರಲ್ಲ. ಇದನ್ನು ಹೇಗೆ ಕೇಳುವುದು? ಸುತ್ತಿ ಬಳಸದೆ ಕೇಳಿದರು. ನಡೆದಿದ್ದು ಹೇಳಿದರು, ಹೆಬ್ಬೆರಳಿನದೂ ಹೇಳಿದರು.

"ಅಂದ್ರೆ ನನ್ನ ಮಚ್ಚೆ ಬೇಕು ನಿಮಗೆ" ಎಂದರು ಆಕೆ.

"ಹೌದಮ್ಮ."

"ಅಕ್ಕನ ನಗು ಅಳಿಸಿದವರು ನನ್ನ ಮಚ್ಚೆ ಉಳಿಸ್ತೀರಾ?"

"ಅಳಿಸಲ್ಲ. ಇನ್ನು ಏನನ್ನೂ ಅಳಿಸಲ್ಲ."

ಭಾನುವಾರ ಬೆಳಗಿನ ಬಸ್ಸಿಗೆ ಆಕೆ ಬಂದರು. ನಾಲ್ಕು ಗಂಟೆ ಪ್ರಯಾಣ. ಕೈಕಾಲು ತೊಳೆದು, ಕುರ್ಚಿಯಲ್ಲಿ ಕೂತು ಎಡಗೆನ್ನೆಯನ್ನು ಕಿಟಕಿಯ ಕಡೆ ತಿರುಗಿಸಿದರು. ಬಣ್ಣದ ಕಾರ್ಡನ್ನು ಹೇಗೆ ಹಿಡಿಯಬೇಕೆಂದು ಮೇಷ್ಟ್ರು ಹೇಳಹೊರಟರೆ, "ಗೊತ್ತು, ಅಕ್ಕ ತೋರಿಸಿದ್ದಳು" ಎಂದರಂತೆ. ಒಂದೂವರೆ ಗಂಟೆ ಹಾಗೆಯೇ ಕೂತಿದ್ದರು.

ಆ ನಾಲ್ಕು ಚಿತ್ರಗಳನ್ನು ನಾನು ನೋಡಿದೆ. ಮೊದಲ ಮೂರರಲ್ಲಿ ಮಚ್ಚೆ ಇದೆ. ಮೊದಲನೆಯದರಲ್ಲಿ ತುಸು ಗಾಢ, ಎರಡನೆಯದರಲ್ಲಿ ತುಸು ತಿಳಿ, ಮೂರನೆಯದರಲ್ಲಿ ಅಂಚಿನ ಪ್ರತಿ ತಿರುವೂ ಸ್ಪಷ್ಟ. ನಾಲ್ಕನೆಯದರಲ್ಲಿ ಮಚ್ಚೆ ಅರ್ಧವಾಗಿದೆ. ಉಳಿದರ್ಧವೂ ಚಳಿಗೆ ಕೆನ್ನೆ ಕೆಂಪಾದಂತೆ ಕಾಣುತ್ತದೆ. ಕ್ಯಾಮೆರಾದ ಒಳಗಿನ ಲೆಕ್ಕಾಚಾರ, ಇದು ಚರ್ಮ ಎಂದು ಗುರುತು ಹಿಡಿದ ಕೂಡಲೇ ಕೆಂಪು ತಗ್ಗಿಸಿ, ನುಣುಪು ಮಾಡಿ, ಚೆಂದ ಕಾಣಿಸಿಬಿಡುತ್ತಿತ್ತು. ಗೋಡೆಗೆ ಹೀಗೆ ಮಾಡುತ್ತಿರಲಿಲ್ಲ, ಬಣ್ಣದ ಕಾರ್ಡಿಗೂ ಮಾಡುತ್ತಿರಲಿಲ್ಲ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ನಿಲ್ಲಿಸುವ ಗುಂಡಿಯೂ ಇರಲಿಲ್ಲ.

ನಾದಿನಿ ಪರದೆಯ ಮುಂದೆ ಬಹಳ ಹೊತ್ತು ನಿಂತಿದ್ದರಂತೆ. "ಕಾಲೇಜಿಗೆ ಹೋಗ್ತಿದ್ದಾಗ ಈ ಕ್ಯಾಮೆರಾ ಇದ್ದಿದ್ರೆ ಕಣ್ಣಿಗೆ ಒತ್ಕೊಳ್ತಿದ್ದೆ" ಎಂದರು. ಆಮೇಲೆ, "ಆದ್ರೆ ಇದು ನಾನಲ್ಲ ಭಾವ. ಬರೀರಿ ನೀವು. ನನ್ನ ಫೋಟೋನೇ ಹಾಕಿ" ಎಂದರು.

ಅವತ್ತು ಸಂಜೆಯೇ ಮೇಷ್ಟ್ರು ಬರೆದರು. ವೆಬ್‌ಸೈಟಿನ ಮೇಲ್ತುದಿಯಲ್ಲಿ ಇವತ್ತಿಗೂ ಇದೆ. "ನಾನು ತಪ್ಪು ಬರೆದಿದ್ದೆ. ಮುಖ ಪರೀಕ್ಷಿಸದೆ ತೀರ್ಪು ಕೊಟ್ಟಿದ್ದೆ. ಗಾಯದ ಫೋಟೋ ತೆಗೆಯುವವರು ನಾಲ್ಕನೆಯದನ್ನು ಬಳಸಬೇಡಿ. ಮೂರನೆಯದಕ್ಕೆ ಮರಳಿ." ಕೆಳಗೆ ನಾಲ್ಕು ಕೆನ್ನೆಗಳ ಸಾಲು.

ಬೈಗುಳ ಬಂದವು. ಹೊಸ ಕ್ಯಾಮೆರಾ ಕೊಂಡವರಿಗೆ ತಮ್ಮದೇ ಮಗುವನ್ನು ಕುರೂಪಿ ಎಂದಂತಾಗಿತ್ತು. ಮುದುಕನಿಗೆ ಅರಳುಮರಳು ಎಂದರು, ಯಾರದೋ ದುಡ್ಡು ತಿಂದಿದ್ದಾನೆ ಎಂದರು. ಕಂಪನಿಗೆ ಬರೆದ ಪತ್ರಕ್ಕೆ ಮೂರು ಸಾಲಿನ ಉತ್ತರ ಬಂತು, ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು. ನರ್ಸ್ ಮಾತ್ರ ಆ ನಾಲ್ಕು ಕೆನ್ನೆಗಳನ್ನು ಅಚ್ಚು ಹಾಕಿಸಿ ವೈದ್ಯರ ಮೇಜಿನ ಮೇಲಿಟ್ಟರು. ಒಂದೇ ವಾರದಲ್ಲಿ ವಾರ್ಡಿನಲ್ಲಿ ಹಳೆಯ ಕ್ಯಾಮೆರಾಗಳು ಬೀರುವಿನಿಂದ ಹೊರಗೆ ಬಂದವು. ಅವರು ಇನ್ನೂ ಹತ್ತಾರು ಆಸ್ಪತ್ರೆಗಳಿಗೆ ಬರೆದರು. ಒಂಬತ್ತು ತಿಂಗಳ ನಂತರ ಕಂಪನಿ ಒಂದು ಅಪ್‌ಡೇಟ್ ಬಿಟ್ಟಿತು. ಈಗ ಆ ಕೈಚಳಕವನ್ನು ನಿಲ್ಲಿಸುವ ಆಯ್ಕೆಯಿದೆ. ಅದರ ಜೊತೆಗಿನ ಟಿಪ್ಪಣಿಯಲ್ಲಿ "ಕೆಲವು ಬಳಕೆದಾರರ ಸಲಹೆಯ ಮೇರೆಗೆ" ಎಂದಿತ್ತು.

"ಆ ಕೆಲವು ಬಳಕೆದಾರರು ಅಂದ್ರೆ ನಾನು, ನರ್ಸಮ್ಮ, ನಮ್ಮ ನಾದಿನಿ. ಮೂರೇ ಜನ" ಎಂದು ನಗುತ್ತಾರೆ. ಅವತ್ತು ನಾನು ಕಂಡ ಮೊದಲ ನಗು.

ಲೇತ್ ಕೆಲಸಗಾರರಿಗೂ ನರ್ಸ್ ಮೂಲಕ ಒಂದು ಪತ್ರ ಬರೆದಿದ್ದರು. ಬೇರೆಯವರ ಕೈಯಲ್ಲಿ ಬರೆಸಿದ ಉತ್ತರ ಬಂತು. ಅದನ್ನು ಡ್ರಾಯರಿನಿಂದ ತೆಗೆದು ನನ್ನ ಕೈಗೆ ಕೊಟ್ಟು ತಾವು ಕಿಟಕಿಯ ಹತ್ತಿರ ಹೋಗಿ ನಿಂತರು. "ನಿಮ್ಮ ತಪ್ಪಲ್ಲ ಎಂದು ಬರೆಯಿರಿ ಅಂತ ಮನೆಯವರು ಹೇಳುತ್ತಾರೆ. ಯಾರ ತಪ್ಪೋ ನನಗೆ ತಿಳಿಯದು. ಸ್ವಲ್ಪ ಕುಂಟುತ್ತೇನೆ. ಕೆಲಸಕ್ಕೆ ಹೋಗುತ್ತಿದ್ದೇನೆ." ಅಷ್ಟೇ. ಮಡಿಕೆಯ ಗೆರೆಗಳಲ್ಲಿ ಕಾಗದ ಹರಿಯುವಷ್ಟು ಸವೆದಿತ್ತು.

ಈಗ ನಾದಿನಿ ವರ್ಷಕ್ಕೆರಡು ಸಲ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಕಾರ್ಡು ಕೆಳಗಿಟ್ಟು ಮಾತಾಡುವಾಗ ಮೇಷ್ಟ್ರು ಒಂದು ಫ್ರೇಮು ಹೆಚ್ಚಿಗೆ ತೆಗೆಯುತ್ತಾರೆ. ಅದು ಯಾವ ಹೋಲಿಕೆಗೂ ಅಲ್ಲ. ಮಿಕ್ಕ ದಿನಗಳಲ್ಲಿ ಈ ಮನೆಯಲ್ಲಿ ಮಾತು ಕಡಿಮೆ. ದಿನಕ್ಕೆ ಮುನ್ನೂರು ಜನ ವೆಬ್‌ಸೈಟಿಗೆ ಬಂದು ಹೋಗುತ್ತಾರೆ, ಬಾಗಿಲಿಗೆ ಯಾರೂ ಬರುವುದಿಲ್ಲ. ಕಳೆದ ತಿಂಗಳು ಅಂಗಡಿಗೆ ರಜೆಯಿದ್ದ ಐದು ದಿನ ಒಂದೇ ಸಮ ಯಾರ ಹತ್ತಿರವೂ ಮಾತಾಡದೆ ಇದ್ದು, ಆರನೆಯ ದಿನ ಬಸ್ಸಿನಲ್ಲಿ ಟಿಕೆಟ್ ಕೇಳಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲವಂತೆ. "ಕಂಡಕ್ಟರ್ ಮೂಗ ಅಂದ್ಕೊಂಡು ಕೈಸನ್ನೆ ಮಾಡಿದ. ನಾನೂ ಸನ್ನೆಯಲ್ಲೇ ಹೇಳಿ ಇಳಿದೆ. ಮತ್ತೆ ಬಾಯಿಬಿಟ್ರೆ ಅವನಿಗೆ ಬೇಜಾರಾಗ್ತಿತ್ತು."

ಹೊರಡುವ ಮುನ್ನ ಅವರು ಒಂದು ಸುದ್ದಿ ಹೇಳಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಆಗಬೇಕು. ಆಸ್ಪತ್ರೆಯವರು ಕೊಟ್ಟ ಫಾರಂನಲ್ಲಿ "ಜೊತೆಗೆ ಬರುವವರು" ಎಂಬ ಖಾನೆಯಿತ್ತು. ಎರಡು ವಾರ ಅದನ್ನು ಖಾಲಿ ಬಿಟ್ಟು ಮೇಜಿನ ಮೇಲಿಟ್ಟಿದ್ದರು. ಕೊನೆಗೆ ನಾದಿನಿಗೆ ಹೇಳಿದರು. ಆಕೆ ಬರುತ್ತೇನೆ ಎಂದಿದ್ದಾರೆ, ಒಂದು ವಾರ ಇರುತ್ತೇನೆ, ಆ ವಾರ ತಾರಸಿ ಹತ್ತುವ ಮಾತೇ ಎತ್ತಬಾರದು ಎಂದು ತಾಕೀತು ಮಾಡಿದ್ದಾರೆ.

"ಡಾಕ್ಟ್ರಿಗೆ ಒಂದೇ ಒಂದು ಕೇಳ್ಕೊಂಡಿದೀನಿ. ಎರಡೂ ಕಣ್ಣು ಒಟ್ಟೊಟ್ಟಿಗೆ ಮಾಡ್ಬೇಡಿ, ಮಧ್ಯ ಒಂದು ತಿಂಗಳು ಬಿಡಿ ಅಂತ. ಒಂದು ಕಣ್ಣು ಹಳೇದು, ಒಂದು ಹೊಸದು. ಒಂದ್ಸಲ ಇದನ್ನ ಮುಚ್ಚಿ ನೋಡ್ಬೇಕು, ಒಂದ್ಸಲ ಅದನ್ನ ಮುಚ್ಚಿ ನೋಡ್ಬೇಕು. ಇಂಥ ಅವಕಾಶ ಮತ್ತೆ ಸಿಗಲ್ಲ ನೋಡಿ. ಡಾಕ್ಟ್ರು ನಕ್ಕರು. ಆಗ್ಲಿ ಅಂದಿದಾರೆ. ನಂಗೆ ಅಷ್ಟು ಸಾಕು."

"ಹೊಸ ಕಣ್ಣೇ ಚೆನ್ನಾಗಿರತ್ತೆ ಅಲ್ವಾ?" ಎಂದು ಕೇಳುತ್ತೇನೆ.

"ಹೊಸದು ಅಂದ ಮಾತ್ರಕ್ಕೆ ಹೇಗೆ ಹೇಳ್ಲಿ?" ಎನ್ನುತ್ತಾರೆ ಮೇಷ್ಟ್ರು. "ನೋಡಿ ಹೇಳ್ತೀನಿ."